ಸೊಳ್ಳೆಯ ಬೆನ್ನು ಹತ್ತಿದ ದಂಡನಾಯಕ: ಡಾ. ವಿಲಿಯಂ ಗೋರ್ಗಸ್

ಪನಾಮಾ ಕಾಲುವೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಇಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಎನ್ನುತ್ತಾರೆ. ಇಂಜಿನಿಯರ್ ಮಿತ್ರರು (ನಮ್ಮ ಕನ್ನಡ ಕೂಟದಲ್ಲಿ ಅವರಿಗೇನೂ ಬರವಿಲ್ಲ!) ಸ್ಟೀವನ್ಸ್, ಗೋಥಲ್ಸ್ ಎಂಬ ಹೆಸರುಗಳನ್ನು ಹೇಳುತ್ತಾರೆ. ವೈದ್ಯರಾದ ನಾವು ಮಾತ್ರ ಹಟ ಹಿಡಿದು ಡಾಕ್ಟರ್ ವಿಲಿಯಂ ಕ್ರಾಫರ್ಡ್ ಗೋರ್ಗಸ್ ಎನ್ನುತ್ತೇವೆ. ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆಯೇ ಇನ್ನೊಮ್ಮೆ ಬರೆದು ಓದುಗರ ಊಟದ ರುಚಿ ಕೆಡಿಸುವುದು ಬೇಡವೆನಿಸಿತು. ಅದರ ಬದಲು ಈ ಮನುಷ್ಯನ ಕಥೆಯನ್ನು ಹೇಳೋಣವೆಂದುಕೊಂಡೆವು. ಆತನ ಮೇಲೆ ನಮಗೆ ಬಹಳ ಗೌರವ. ಜೊತೆಗೆ ಒಂದು ತಕರಾರೂ ಇದೆ. ಎರಡನ್ನೂ ಹೇಳಿಬಿಡುತ್ತೇವೆ.

ಗೋರ್ಗಸ್ ಹುಟ್ಟಿದ್ದು 1854ರ ಅಕ್ಟೋಬರ್ 3ರಂದು, ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದ ಹತ್ತಿರ. ತಂದೆ ಜೊಸಾಯಾ ಗೋರ್ಗಸ್ ಉತ್ತರದ ಪೆನ್ಸಿಲ್ವೇನಿಯಾದವನು, ಅಮೆರಿಕದ ಸೇನಾಧಿಕಾರಿ. ಕೈಹಿಡಿದದ್ದು ದಕ್ಷಿಣದ ಹೆಣ್ಣನ್ನು. ತಾಯಿ ಅಮೀಲಿಯಾ ಅಲಬಾಮಾದ ಗವರ್ನರ್ ಆಗಿದ್ದವರ ಮಗಳು. ಅಂತರ್ಯುದ್ಧ ಶುರುವಾದಾಗ ಜೊಸಾಯಾ ಹೆಂಡತಿಯ ಕಡೆ ವಾಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಂಡೆದ್ದ ದಕ್ಷಿಣದ ಸೇನೆಗೆ ಮದ್ದುಗುಂಡು ಒದಗಿಸುವ ಇಲಾಖೆಯ ಮುಖ್ಯಸ್ಥನಾದ. ಹುಡುಗ ವಿಲಿಯಂ ಬೆಳೆದದ್ದು ಆ ಸರ್ಕಾರದ ರಾಜಧಾನಿ ರಿಚ್ಮಂಡಿನಲ್ಲಿ. 1865ರಲ್ಲಿ ಆ ಊರು ಉರಿದು ಬೀಳುವುದನ್ನು ಕಂಡವನು. ಅವನಿಗೆ ಸೈನಿಕನಾಗಬೇಕೆಂಬ ಆಸೆ. ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಜಾಗ ಸಿಗಲಿಲ್ಲ. ವೈದ್ಯನಾದರೆ ಹಿಂಬಾಗಿಲಿನಿಂದಲಾದರೂ ಸೇನೆ ಸೇರಬಹುದೆಂದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿಗೆ ಸೇರಿ 1879ರಲ್ಲಿ ಪದವಿ ಪಡೆದ, ಮರುವರ್ಷ ಸೇನೆಯ ವೈದ್ಯನಾದ. ನಮ್ಮಲ್ಲಿ ಇಂಜಿನಿಯರಿಂಗ್ ಸೀಟು ಸಿಗದೆ ವೈದ್ಯರಾದವರೂ ಇದ್ದಾರಲ್ಲ, ಹಾಗೆಯೇ. ಔಷಧಿಯ ಮೇಲಿನ ಪ್ರೀತಿಯಿಂದ ಬಂದವನಲ್ಲ ಆತ.

ಅವನ ಬಾಳನ್ನು ತಿರುಗಿಸಿದ್ದು ಯೆಲ್ಲೊ ಫೀವರ್, ಅಂದರೆ ಹಳದಿ ಜ್ವರ. ಭಾರತದಲ್ಲಿ ಈ ರೋಗ ಎಂದೂ ನೆಲೆಯೂರಲಿಲ್ಲವಾದ್ದರಿಂದ ನಮ್ಮ ಓದುಗರಿಗೆ ಎರಡು ಮಾತು ಹೇಳಬೇಕು. ಚಳಿ, ಜ್ವರ, ಸೊಂಟನೋವಿನಿಂದ ಶುರು. ಮೂರು ನಾಲ್ಕು ದಿನಕ್ಕೆ ಜ್ವರ ಇಳಿದು ಬದುಕಿದೆನಪ್ಪಾ ಎನ್ನುವಷ್ಟರಲ್ಲಿ ಕೆಲವರಿಗೆ ಮತ್ತೆ ತಿರುಗುತ್ತದೆ. ಯಕೃತ್ತು ಕೆಟ್ಟು ಮೈಯೆಲ್ಲ ಕಾಮಾಲೆಯ ಹಳದಿ, ಹೊಟ್ಟೆಯೊಳಗೆ ರಕ್ತ ಒಸರಿ ಕಪ್ಪು ವಾಂತಿ, ಮೂತ್ರ ಕಟ್ಟಿ ಸಾವು. ಬದುಕಿ ಉಳಿದವರಿಗೆ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಹವಾನಾದಿಂದ ಬರುವ ಹಡಗುಗಳೊಡನೆ ಇದು ಅಮೆರಿಕದ ದಕ್ಷಿಣದ ಬಂದರುಗಳಿಗೆ ಇಳಿಯುತ್ತಿತ್ತು. 1878ರಲ್ಲಿ ಮಿಸಿಸಿಪ್ಪಿ ನದಿಯ ಕಣಿವೆಯಲ್ಲಿ ಸುಮಾರು 20,000 ಜನ ಸತ್ತರು; ಮೆಂಫಿಸ್ ಊರೊಂದರಲ್ಲೇ 5,000.

1882ರಲ್ಲಿ ಟೆಕ್ಸಸ್ಸಿನ ಗಡಿಯ ಫೋರ್ಟ್ ಬ್ರೌನ್ ಎಂಬ ಠಾಣೆಗೆ ಈ ಜ್ವರ ಬಂತು. ಠಾಣೆಯ ಮುಖ್ಯಾಧಿಕಾರಿಯ ನಾದಿನಿ ಮೇರಿ ಡಾಟಿ ಎಂಬ ಯುವತಿ ಸಾಯುವ ಸ್ಥಿತಿಯಲ್ಲಿದ್ದಳು. ಆಕೆಗೆಂದು ಗುಂಡಿಯನ್ನೂ ತೋಡಿಸಿ, ಶವಸಂಸ್ಕಾರದ ಪ್ರಾರ್ಥನೆ ಓದುವ ಕೆಲಸವನ್ನು ಗೋರ್ಗಸ್‌ಗೆ ಒಪ್ಪಿಸಿದ್ದರು. ಆಕೆ ಸಾಯಲಿಲ್ಲ, ಜ್ವರ ಡಾಕ್ಟರನಿಗೇ ಹತ್ತಿತು, ಅವನೂ ಉಳಿದ. ಇಬ್ಬರೂ ಒಟ್ಟಿಗೆ ಚೇತರಿಸಿಕೊಂಡರು. ಮುಂದೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ, 1885ರಲ್ಲಿ ಮದುವೆಯಾಯಿತು. ಗಂಡಹೆಂಡಿರಿಬ್ಬರಿಗೂ ಈ ರೋಗದ ಭಯವಿಲ್ಲವೆಂದ ಮೇಲೆ ಸೇನೆಯವರು ಬಿಡುತ್ತಾರೆಯೇ? ಹಳದಿ ಜ್ವರ ಕಂಡಲ್ಲಿಗೆಲ್ಲ ಗೋರ್ಗಸ್‌ನನ್ನೇ ಕಳುಹಿಸತೊಡಗಿದರು.

ಹೀಗೆ ನಲವತ್ತಮೂರು ವರ್ಷದವರೆಗೂ ಆತ ಯಾರಿಗೂ ಗೊತ್ತಿಲ್ಲದ ಸೇನಾವೈದ್ಯ. 1898ರಲ್ಲಿ ಅಮೆರಿಕ ಸ್ಪೇನಿನ ಮೇಲೆ ಯುದ್ಧ ಸಾರಿತು. ಏಪ್ರಿಲ್‌ನಲ್ಲಿ ಶುರುವಾಗಿ ಆಗಸ್ಟ್‌ನಲ್ಲಿ ಮುಗಿದ ಈ ಪುಟ್ಟ ಯುದ್ಧದಿಂದ ಅಮೆರಿಕಕ್ಕೆ ಪೋರ್ಟೊರಿಕೊ, ಗುವಾಮ್, ಫಿಲಿಪೀನ್ಸ್ ಸಿಕ್ಕವು. ಹವಾಯಿಯನ್ನೂ ಅದೇ ಬೇಸಿಗೆಯಲ್ಲಿ ಸೇರಿಸಿಕೊಂಡರು. ಬ್ರಿಟಿಷರ ಹಿಡಿತದಿಂದ ಬಿಡಿಸಿಕೊಂಡ ದೇಶವೇ ಬ್ರಿಟಿಷರ ಹಾದಿ ಹಿಡಿದ ಕಥೆ ಇದು. ಫಿಲಿಪೀನ್ಸಿನವರು ತಮಗೆ ಸ್ವಾತಂತ್ರ್ಯ ಬಂತೆಂದು ನಂಬಿ, ಮೋಸ ಹೋಗಿ, ಮುಂದೆ ಮೂರು ವರ್ಷ ಅಮೆರಿಕದ ಸೇನೆಯೊಡನೆ ಹೋರಾಡಿದರು. ಕ್ಯೂಬಾವನ್ನು ನುಂಗುವುದಿಲ್ಲವೆಂದು ಯುದ್ಧಕ್ಕೆ ಮೊದಲೇ ಅಮೆರಿಕದ ಸಂಸತ್ತು ಮಾತು ಕೊಟ್ಟಿತ್ತು. ಆದ್ದರಿಂದ ಸೇನೆ ಅಲ್ಲಿ ತಾತ್ಕಾಲಿಕವಾಗಿ ಆಳುತ್ತಾ ಕೂತಿತು. ಈ ಯುದ್ಧದಲ್ಲಿ ಗುಂಡೇಟಿನಿಂದ ಸತ್ತ ಅಮೆರಿಕದ ಸೈನಿಕರು ನಾನೂರಕ್ಕೂ ಕಡಿಮೆ. ಟೈಫಾಯಿಡ್, ಮಲೇರಿಯಾ, ಹಳದಿ ಜ್ವರಗಳಿಂದ ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಇದನ್ನು ಕಂಡ ಅಧಿಕಾರಿಗಳಿಗೆ ಒಂದು ಮಾತು ಮನವರಿಕೆಯಾಯಿತು: ಉಷ್ಣವಲಯವನ್ನು ಗೆಲ್ಲುವುದು ಸುಲಭ, ಅಲ್ಲಿ ಬದುಕಿರುವುದು ಕಷ್ಟ. ಗೋರ್ಗಸ್ ಹವಾನಾ ನಗರದ ಆರೋಗ್ಯಾಧಿಕಾರಿಯಾದ.

ಆತ ಮೊದಲು ಮಾಡಿದ್ದು ಕಸ ಗುಡಿಸುವ ಕೆಲಸ. ರೋಗ ಹುಟ್ಟುವುದು ಹೊಲಸಿನಿಂದ ಎಂಬುದು ಆಗಿನ ನಂಬಿಕೆ. ಬೀದಿ ಗುಡಿಸಿ, ಚರಂಡಿ ತೊಳೆದು, ಸತ್ತ ಪ್ರಾಣಿಗಳನ್ನು ಸಾಗಿಸಿ ಹವಾನಾವನ್ನು ಫಳಫಳ ಮಾಡಿದ. ಬೇರೆ ಕಾಯಿಲೆಗಳು ಇಳಿದವು. ಹಳದಿ ಜ್ವರ ಮಾತ್ರ 1900ರಲ್ಲಿ ಏರಿತು! ಸ್ಪೇನಿನಿಂದ ಸಾವಿರಾರು ಹೊಸಬರು ಬಂದಿಳಿದಿದ್ದರು, ಅವರ ಮೈಯಲ್ಲಿ ನಿರೋಧ ಶಕ್ತಿ ಇರಲಿಲ್ಲ.

ಆ ಊರಿನಲ್ಲೇ ಕಾರ್ಲೋಸ್ ಫಿನ್ಲೆ ಎಂಬ ಕ್ಯೂಬಾದ ವೈದ್ಯನೊಬ್ಬ ಇಪ್ಪತ್ತು ವರ್ಷದಿಂದ ಇದು ಸೊಳ್ಳೆಯ ಕೆಲಸ ಎಂದು ಹೇಳುತ್ತಲೇ ಇದ್ದ. 1881ರಲ್ಲಿ ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಲೇಖನವನ್ನೂ ಓದಿದ್ದ. ಯಾವ ಜಾತಿಯ ಸೊಳ್ಳೆ ಎಂಬುದನ್ನೂ ಸರಿಯಾಗಿ ಗುರುತಿಸಿದ್ದ. ಜನ ಅವನನ್ನು ಸೊಳ್ಳೆ ಡಾಕ್ಟರೆಂದು ನಕ್ಕರು. ನಗಲು ಕಾರಣವೂ ಇತ್ತು: ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಆತ ಆರೋಗ್ಯವಂತರ ಮೇಲೆ ಬಿಟ್ಟರೆ ಅವರಿಗೆ ನಿಶ್ಚಿತವಾಗಿ ಜ್ವರ ಬರುತ್ತಿರಲಿಲ್ಲ. ಗುಟ್ಟು ಬಯಲಾದದ್ದು ಬೇರೊಬ್ಬನಿಂದ. ಹೆನ್ರಿ ರೋಸ್ ಕಾರ್ಟರ್ ಎಂಬ ಅಮೆರಿಕದ ವೈದ್ಯ 1898ರಲ್ಲಿ ಮಿಸಿಸಿಪ್ಪಿಯ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆದು ನೋಡಿದ. ಒಂದು ಮನೆಗೆ ಮೊದಲ ರೋಗಿ ಬಂದ ಎರಡು ಮೂರು ವಾರಗಳ ನಂತರವೇ ಎರಡನೆಯವರು ಮಲಗುತ್ತಿದ್ದರು. ಅಂದರೆ ಸೊಳ್ಳೆಯ ಹೊಟ್ಟೆಯಲ್ಲಿ ವಿಷ ಮಾಗಲು ಸುಮಾರು ಹನ್ನೆರಡು ದಿನ ಬೇಕು. ಫಿನ್ಲೆ ಅಷ್ಟು ದಿನ ಕಾದಿರಲಿಲ್ಲ. ರೋಗಿಯ ರಕ್ತದಿಂದ ಸೊಳ್ಳೆಗೆ ಅಂಟುವುದೂ ಜ್ವರದ ಮೊದಲ ಮೂರು ದಿನಗಳಲ್ಲಿ ಮಾತ್ರ. ಎರಡು ಸಣ್ಣ ಲೆಕ್ಕಗಳು, ಇಪ್ಪತ್ತು ವರ್ಷ ನಷ್ಟ.

1900ರ ಜೂನ್‌ನಲ್ಲಿ ಸೇನೆ ವಾಲ್ಟರ್ ರೀಡ್‌ನ ನೇತೃತ್ವದಲ್ಲಿ ನಾಲ್ವರು ವೈದ್ಯರ ತಂಡವನ್ನು ಹವಾನಾಕ್ಕೆ ಕಳುಹಿಸಿತು. ಫಿನ್ಲೆ ತಾನೇ ಜೋಪಾನ ಮಾಡಿದ್ದ ಸೊಳ್ಳೆ ಮೊಟ್ಟೆಗಳನ್ನು ಅವರ ಕೈಗಿತ್ತ. ತಂಡದ ಜೆಸ್ಸಿ ಲೇಜಿಯರ್ ಎಂಬ ಮೂವತ್ತನಾಲ್ಕರ ವೈದ್ಯ ಸೊಳ್ಳೆ ಕಚ್ಚಿಸಿಕೊಂಡು ಸೆಪ್ಟೆಂಬರ್ 25ರಂದು ತೀರಿಕೊಂಡ. ಮುಂದಿನ ಪ್ರಯೋಗಗಳಿಗೆ ಕೆಲವು ಸೈನಿಕರೂ, ಸ್ಪೇನಿನಿಂದ ಬಂದ ಬಡ ವಲಸಿಗರೂ ಒಪ್ಪಿದರು. ವಲಸಿಗರಿಗೆ 100 ಡಾಲರ್ ಚಿನ್ನದ ನಾಣ್ಯ, ಜ್ವರ ಬಂದರೆ ಇನ್ನೊಂದು 100; ಒಪ್ಪಿಗೆ ಪತ್ರಕ್ಕೆ ಸಹಿ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಪುಟಗಟ್ಟಲೆ ತುಂಬಿಸಿಕೊಳ್ಳುವ ಒಪ್ಪಿಗೆ ಪತ್ರದ ಪೂರ್ವಜ ಅದು. ಆ ನೂರು ಡಾಲರ್ ಒಬ್ಬ ಕೂಲಿಯವನಿಗೆ ಎಷ್ಟು ದೊಡ್ಡ ಮೊತ್ತವಾಗಿತ್ತೆಂದು ನೆನೆದರೆ, ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆಯೂ ಆಗಲೇ ಹುಟ್ಟಿತ್ತು.

ಗೋರ್ಗಸ್ ಮೊದಲಿಗೆ ಇದನ್ನೆಲ್ಲ ನಂಬಲಿಲ್ಲ. ಆದರೆ ರುಜುವಾತು ಕಂಡಮೇಲೆ ತನ್ನ ಅಭಿಪ್ರಾಯವನ್ನು ಅಂಗಿ ಬದಲಿಸಿದಂತೆ ಬದಲಿಸಿದ. ಇದು ವೈದ್ಯರಲ್ಲಿ ಬಹು ಅಪರೂಪದ ಗುಣ, ನಮ್ಮವರ ಮೇಲೆ ನಾವೇ ಹೇಳುತ್ತಿದ್ದೇವೆ. 1901ರ ಫೆಬ್ರವರಿಯಲ್ಲಿ ಸೊಳ್ಳೆಯ ಮೇಲೆ ಯುದ್ಧ ಸಾರಿದ. ಈ ಸೊಳ್ಳೆ, ಈಗ ನಾವು ಈಡಿಸ್ ಎನ್ನುವುದು, ಕಾಡುಮೇಡಿನದಲ್ಲ. ಮನೆಯ ತೊಟ್ಟಿ, ಪೀಪಾಯಿ, ಹೂದಾನಿಗಳ ತಿಳಿನೀರಿನಲ್ಲೇ ಮೊಟ್ಟೆಯಿಡುವ ಸಂಸಾರವಂತ ಸೊಳ್ಳೆ. ಆದ್ದರಿಂದ ಯುದ್ಧವೂ ಮನೆಯೊಳಗೇ ನಡೆಯಬೇಕು. ಹವಾನಾವನ್ನು ವಾರ್ಡುಗಳಾಗಿ ಹಂಚಿ, ಪ್ರತಿ ಮನೆಗೂ ಇನ್‌ಸ್ಪೆಕ್ಟರುಗಳು. ತೊಟ್ಟಿಗಳಿಗೆ ಮುಚ್ಚಳ, ನಿಂತ ನೀರಿಗೆ ಸೀಮೆಎಣ್ಣೆ. ರೋಗಿ ಮಲಗಿದ ಮನೆಗೆ ತಂತಿಜಾಲರಿ ಹೊಡೆದು, ಸಂದುಗಳಿಗೆಲ್ಲ ಕಾಗದ ಅಂಟಿಸಿ, ಗಂಧಕದ ಹೊಗೆ. ನೀರಿನಲ್ಲಿ ಸೊಳ್ಳೆಮರಿ ಸಿಕ್ಕಿದರೆ ಮನೆಯ ಯಜಮಾನನಿಗೆ ದಂಡ.

ಎರಡು ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಬೆಂಗಳೂರಿನ ಮನೆಗೆ ಹೋಗಿದ್ದಾಗ ಆಶಾ ಕಾರ್ಯಕರ್ತೆಯೊಬ್ಬರು ಡೆಂಗ್ಯೂ ಸಮೀಕ್ಷೆಗೆಂದು ಬಂದು ಹಿತ್ತಿಲ ಡ್ರಮ್ಮಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದರು, ಹುಳು ಕಂಡವು, ನಮ್ಮ ತಾಯಿ ಎದುರೇ ನೀರನ್ನೆಲ್ಲ ಚೆಲ್ಲಿಸಿದರು. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುವ ಮನೆಯಲ್ಲಿ ಅಷ್ಟು ನೀರು ಚೆಲ್ಲಿದರೆ ಯಾರಿಗೆ ಸಿಟ್ಟು ಬಾರದು? ಅಮ್ಮ ಮಗನ ಡಾಕ್ಟರಿಕೆಯನ್ನೂ ಸೇರಿಸಿ ಬೈದರು. ಡೆಂಗ್ಯೂ ಹರಡುವುದೂ ಇದೇ ಈಡಿಸ್ ಸೊಳ್ಳೆ. ಹವಾನಾದ ಗೃಹಿಣಿಯರೂ ಹೀಗೆಯೇ ಗೊಣಗಿರಬೇಕು. ವ್ಯತ್ಯಾಸ ಒಂದೇ: ಅವರ ಬಾಗಿಲು ತಟ್ಟಿದ ಸರ್ಕಾರ ಅವರದಾಗಿರಲಿಲ್ಲ.

ಹವಾನಾದಲ್ಲಿ 1900ರಲ್ಲಿ ಹಳದಿ ಜ್ವರದಿಂದ ಸತ್ತವರು 310, 1901ರಲ್ಲಿ 18, 1902ರಲ್ಲಿ ಒಬ್ಬರೂ ಇಲ್ಲ. ಶತಮಾನಗಟ್ಟಲೆ ಇದ್ದ ರೋಗ ಎಂಟು ತಿಂಗಳಲ್ಲಿ ಹೋಯಿತು. 1902ರ ಮೇ 20ರಂದು ಅಮೆರಿಕದ ಸೇನೆ ಕ್ಯೂಬಾವನ್ನು ಅದರ ಜನರಿಗೆ ಒಪ್ಪಿಸಿತು. ಆದರೆ ಪ್ಲಾಟ್ ತಿದ್ದುಪಡಿ ಎಂಬ ಷರತ್ತುಗಳ ಪಟ್ಟಿಯನ್ನು ಅವರ ಸಂವಿಧಾನಕ್ಕೇ ಅಂಟಿಸಿದ ಮೇಲೆ. ಬೇಕೆಂದಾಗ ಅಮೆರಿಕ ಮಧ್ಯೆ ಪ್ರವೇಶಿಸಬಹುದು, ನೌಕಾನೆಲೆಗೆ ಜಾಗ ಕೊಡಬೇಕು (ಗ್ವಾಂಟಾನಮೊ ಬಂದದ್ದು ಹೀಗೆ) ಎಂಬವುಗಳ ನಡುವೆ ಐದನೆಯ ಷರತ್ತು ಯಾವುದು ಗೊತ್ತೆ? ನಗರಗಳ ನೈರ್ಮಲ್ಯವನ್ನು ಕಾಪಾಡಿಕೊಂಡು ಬರಬೇಕು ಎಂಬುದು. ಸೊಳ್ಳೆ ಹೀಗೆ ವಿದೇಶಾಂಗ ನೀತಿಯೊಳಗೆ ಹಾರಿ ಕೂತಿತು. ರೋಗ ತಡೆಯುವುದು ಒಳ್ಳೆಯದಲ್ಲವೆ ಎಂದರೆ ಒಳ್ಳೆಯದೇ. ಆದರೆ ನಿಮ್ಮ ಚರಂಡಿ ಕೊಳಕಾದರೆ ನಮ್ಮ ಯುದ್ಧನೌಕೆ ಬರುತ್ತದೆ ಎಂದು ಸ್ವತಂತ್ರ ದೇಶವೊಂದಕ್ಕೆ ಹೇಳುವ ಧಾಟಿ ಅದು. 1934ರವರೆಗೆ ಈ ತಿದ್ದುಪಡಿ ಜಾರಿಯಲ್ಲಿತ್ತು.

ಇನ್ನು ಪನಾಮಾ. 1881ರಿಂದ 1889ರವರೆಗೆ ಫ್ರೆಂಚರು ಅಲ್ಲಿ ಕಾಲುವೆ ತೋಡಲು ಹೋಗಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಹೂತು ದಿವಾಳಿಯಾಗಿದ್ದರು. ಆಂಕೊನ್ ಗುಡ್ಡದ ಮೇಲೆ ಅವರೊಂದು ಅಂದದ ಆಸ್ಪತ್ರೆ ಕಟ್ಟಿದ್ದರು. ತೋಟದ ಗಿಡಗಳಿಗೆ ಎಲೆ ಕತ್ತರಿಸುವ ಇರುವೆ ಬಾರದಿರಲೆಂದು ಬುಡದ ಸುತ್ತ ನೀರಿನ ವರ್ತುಲ. ವಾರ್ಡಿನಲ್ಲಿ ಮಂಚದ ಕಾಲುಗಳ ಕೆಳಗೂ ನೀರಿನ ಬಟ್ಟಲು. ನಮ್ಮ ಅಜ್ಜಿಯರು ತಿಂಡಿ ಬೀರುವಿನ ಕಾಲುಗಳಿಗೆ ಇಡುತ್ತಿದ್ದರಲ್ಲ, ಅದೇ ಉಪಾಯ. ಆ ಬಟ್ಟಲುಗಳಲ್ಲಿ ಸೊಳ್ಳೆ ಹುಟ್ಟಿ, ಕಾಲು ಮುರಿದು ಬಂದವನೂ ಹಳದಿ ಜ್ವರದಿಂದ ಸತ್ತ.

ಅಮೆರಿಕ ಈ ಕೆಲಸಕ್ಕೆ ಕೈಹಾಕಿದ ರೀತಿ ಎಲ್ಲರಿಗೂ ಗೊತ್ತಿರಬೇಕು. ಪನಾಮಾ ಆಗ ಕೊಲಂಬಿಯಾ ದೇಶದ ಒಂದು ಪ್ರಾಂತ್ಯ. 1903ರ ಆಗಸ್ಟ್‌ನಲ್ಲಿ ಕೊಲಂಬಿಯಾದ ಸೆನೆಟ್ ಒಪ್ಪಂದವನ್ನು ತಳ್ಳಿಹಾಕಿತು. ನವೆಂಬರ್ 3ರಂದು ಪನಾಮಾದಲ್ಲಿ ಕ್ರಾಂತಿಯಾಯಿತು. ಅದರ ಹಿಂದಿನ ದಿನವೇ ಅಮೆರಿಕದ ಯುದ್ಧನೌಕೆ ಕೊಲೋನ್ ಬಂದರಿಗೆ ಬಂದು ನಿಂತಿತ್ತು. ಮೂರೇ ದಿನದಲ್ಲಿ ಹೊಸ ದೇಶಕ್ಕೆ ಮನ್ನಣೆ. ನವೆಂಬರ್ 18ರಂದು ಪನಾಮಾದ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಿದವನು ಬ್ಯೂನೋ ವರಿಲಾ ಎಂಬ ಫ್ರೆಂಚ್ ಇಂಜಿನಿಯರ್! ಹತ್ತು ಮೈಲಿ ಅಗಲದ ಪಟ್ಟಿ ಶಾಶ್ವತವಾಗಿ ಅಮೆರಿಕಕ್ಕೆ. ಪ್ರತಿಯಾಗಿ ಒಂದು ಕೋಟಿ ಡಾಲರ್, ಮುಂದೆ ವರ್ಷಕ್ಕೆ ಎರಡೂವರೆ ಲಕ್ಷ. ಇದರಲ್ಲಿಯೂ ಏಳನೆಯ ಕಲಮು ನೈರ್ಮಲ್ಯದ್ದು: ಪನಾಮಾ ಸಿಟಿ ಮತ್ತು ಕೊಲೋನ್ ನಗರಗಳು ಅಮೆರಿಕದ ಆರೋಗ್ಯ ನಿಯಮಗಳನ್ನು ಎಂದೆಂದಿಗೂ ಪಾಲಿಸಬೇಕು, ಪಾಲಿಸದಿದ್ದರೆ ಅಮೆರಿಕವೇ ಪಾಲಿಸುವಂತೆ ಮಾಡಬಹುದು. ಗೋರ್ಗಸ್ ಈ ಒಪ್ಪಂದಗಳನ್ನು ಬರೆದವನಲ್ಲ, ನಿಜ. ಆದರೆ ಹವಾನಾದಲ್ಲಿ ಆತ ಗೆದ್ದಿರದಿದ್ದರೆ ಆ ಏಳನೆಯ ಕಲಮು ಬರುತ್ತಿತ್ತೇ ಎಂಬುದು ಅನುಮಾನ.

1904ರಲ್ಲಿ ಪನಾಮಾಕ್ಕೆ ಬಂದ ಗೋರ್ಗಸ್‌ಗೆ ಮೊದಲ ವೈರಿ ಸೊಳ್ಳೆಯಲ್ಲ, ಸ್ವಂತ ಮೇಲಧಿಕಾರಿಗಳು. ಹವಾನಾದ ಫಲಿತಾಂಶ ಜಗತ್ತಿನ ಮುಂದಿದ್ದರೂ ಕಾಲುವೆ ಆಯೋಗದವರು ಸೊಳ್ಳೆಯ ಕಥೆ ಬರೀ ಬುರುಡೆ ಎಂದು ನಂಬಿದ್ದರು. ತಂತಿಜಾಲರಿ ಕೇಳಿದರೆ ಇಲ್ಲ, ಗಂಧಕ ಕೇಳಿದರೆ ಆಮೇಲೆ. 1905ರ ವಸಂತದಲ್ಲಿ ಹಳದಿ ಜ್ವರ ಎದ್ದಿತು. ಸಿಕ್ಕ ಹಡಗು ಹತ್ತಿ ಅಮೆರಿಕನ್ನರು ಊರಿಗೆ ಓಡಿದರು. ಮುಖ್ಯ ಇಂಜಿನಿಯರ್ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೋದ. ಗೋರ್ಗಸ್‌ನನ್ನೇ ಕಿತ್ತುಹಾಕಬೇಕೆಂದು ಆಯೋಗದ ಹೊಸ ಮುಖ್ಯಸ್ಥ ಶಿಫಾರಸು ಮಾಡಿದ. ರೂಸ್‌ವೆಲ್ಟ್ ತನ್ನ ಸ್ನೇಹಿತರಾದ ವೈದ್ಯರನ್ನು ವಿಚಾರಿಸಿದ, ಅವರಲ್ಲೊಬ್ಬನಾದ ಡಾ. ಲ್ಯಾಂಬರ್ಟ್, ಗೋರ್ಗಸ್‌ನ ಬೆನ್ನಿಗೆ ನಿಂತರೆ ಕಾಲುವೆ ಸಿಗುತ್ತದೆ, ಇಲ್ಲದಿದ್ದರೆ ಫ್ರೆಂಚರ ಗತಿಯೇ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದನಂತೆ. ಅಧ್ಯಕ್ಷ ಕೇಳಿದ. ಹೊಸ ಮುಖ್ಯ ಇಂಜಿನಿಯರ್ ಜಾನ್ ಸ್ಟೀವನ್ಸ್ ಬಂದವನೇ ಅಗೆಯುವ ಕೆಲಸ ನಿಲ್ಲಿಸಿ ಗೋರ್ಗಸ್ ಕೇಳಿದ್ದನ್ನೆಲ್ಲ ಕೊಟ್ಟ. ಪನಾಮಾ ಸಿಟಿಯ ಮನೆಮನೆಗೂ ಹೊಗೆ ಹಾಕಿದರು. ನಲ್ಲಿ ನೀರು, ಒಳಚರಂಡಿ, ಕಲ್ಲುಹಾಸಿನ ಬೀದಿ ಬಂದವು. ಮನೆಯಲ್ಲೇ ನಲ್ಲಿ ಇದ್ದರೆ ಪೀಪಾಯಿ ಏಕೆ? ಪೀಪಾಯಿ ಹೋದರೆ ಸೊಳ್ಳೆ ಎಲ್ಲಿ? 1905ರ ನವೆಂಬರ್ 11ರಂದು ಪನಾಮಾ ಸಿಟಿಯಲ್ಲಿ ಕೊನೆಯ ಹಳದಿ ಜ್ವರದ ರೋಗಿ ಸತ್ತ. ಶವಪರೀಕ್ಷೆಗೆ ಸೇರಿದ್ದ ಕಿರಿಯ ವೈದ್ಯರಿಗೆ ಗೋರ್ಗಸ್, ಇವನನ್ನು ಚೆನ್ನಾಗಿ ನೋಡಿಕೊಳ್ಳಿ, ಇಲ್ಲಿ ಇಂಥದ್ದು ಮತ್ತೆ ನೋಡಲಾರಿರಿ ಎಂದನಂತೆ.

ಮಲೇರಿಯಾ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರ ಸೊಳ್ಳೆ ಬೇರೆ. ಹಳ್ಳ, ಜೌಗು, ಹುಲ್ಲುಗಾವಲುಗಳದು. ಮಲೇರಿಯಾ ಸೊಳ್ಳೆಯಿಂದ ಹರಡುವುದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ 1904ರಲ್ಲಿ ಪನಾಮಾಕ್ಕೂ ಬಂದು ಹೋದ. ಈ ರಾಸ್ ನಮ್ಮ ಬೆಂಗಳೂರಿಗೆ ಹೊಸಬನಲ್ಲ. ತರುಣ ಸೇನಾವೈದ್ಯನಾಗಿ ಅಲ್ಲಿದ್ದಾಗಲೇ ತನ್ನ ಬಂಗಲೆಯ ಹತ್ತಿರದ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು ಚೆಲ್ಲಿಸಿದ್ದ; 1895ರಲ್ಲಿ ಕಾಲರಾ ತಡೆಯಲು ಮತ್ತೆ ಅಲ್ಲಿಗೇ ಬಂದಿದ್ದ. ಪನಾಮಾದಲ್ಲಿ ಹುಲ್ಲು ಕೊಯ್ಯುವುದು, ಕಾಲುವೆ ತೋಡಿ ನೀರು ಹರಿಸುವುದು, ಎಣ್ಣೆ ಸುರಿಯುವುದು, ಊಟದ ಮೇಜಿನ ಮೇಲೆ ಪುಕ್ಕಟೆ ಕ್ವಿನೈನ್ ಇಡುವುದು ವರ್ಷಗಟ್ಟಲೆ ನಡೆಯಿತು. 1906ರಲ್ಲಿ 26,000 ನೌಕರರಲ್ಲಿ 21,000ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಸಲ ಮಲೇರಿಯಾದಿಂದ ಆಸ್ಪತ್ರೆ ಸೇರಿದ್ದರು; 1912ರಲ್ಲಿ 50,000 ನೌಕರರಲ್ಲಿ ಸುಮಾರು 5,600 ಮಂದಿ. 1907ರಿಂದ ಕಾಲುವೆಯ ಸರ್ವಾಧಿಕಾರಿಯಾಗಿದ್ದ ಕರ್ನಲ್ ಗೋಥಲ್ಸ್‌ಗೆ ಈ ಖರ್ಚು ಕಣ್ಣು ಕುಕ್ಕುತ್ತಿತ್ತು. ಒಂದು ಸೊಳ್ಳೆ ಕೊಲ್ಲಲು ಹತ್ತು ಡಾಲರ್ ಬೀಳುತ್ತಿದೆ ಎಂದು ಅವನು ಆಕ್ಷೇಪಿಸಿದನೆಂದೂ, ಆ ಒಂದು ಸೊಳ್ಳೆ ತಮ್ಮನ್ನೇ ಕಚ್ಚಿದರೆ ದೇಶಕ್ಕೆ ಎಷ್ಟು ನಷ್ಟವಾದೀತೆಂದು ಗೋರ್ಗಸ್ ನಯವಾಗಿ ಕೇಳಿದನೆಂದೂ ಕಥೆ ಇದೆ.

ನಾವು ಕಾಲೇಜಿನಲ್ಲಿ ಓದಿದ್ದು ಇಲ್ಲಿಯವರೆಗೆ. ತಕರಾರು ಶುರುವಾದದ್ದು ನ್ಯೂಯಾರ್ಕಿನಲ್ಲಿ ರೆಸಿಡೆನ್ಸಿ ಮಾಡುವಾಗ. ತೊಂಬತ್ತರ ಹತ್ತಿರದ ಬಾರ್ಬಡೋಸ್ ಮೂಲದ ಅಜ್ಜಿಯೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ರಾತ್ರಿ ಪಾಳಿಯಲ್ಲಿ ಅದೂ ಇದೂ ಮಾತಾಡುತ್ತಾ, ಅವರ ತಂದೆ ಪನಾಮಾದಲ್ಲಿ ಮಣ್ಣು ಹೊತ್ತವರೆಂದು ತಿಳಿಯಿತು. ಹುಡುಗುತನದ ಉತ್ಸಾಹದಿಂದ ನಾವು ಗೋರ್ಗಸ್‌ನ ಹೆಸರೆತ್ತಿ ನಾಲ್ಕು ಮಾತು ಹೊಗಳಿದೆವು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ದೊಡ್ಡಪ್ಪನೂ ಹೋಗಿದ್ದರು, ಅವರು ನ್ಯುಮೋನಿಯಾದಲ್ಲಿ ಸತ್ತರು, ಅವರ ಮನೆಗೆ ಜಾಲರಿ ಇರಲಿಲ್ಲ ಎಂದರು. ಅಷ್ಟೇ. ಮನೆಗೆ ಬಂದು ಪುಸ್ತಕ ತೆರೆದೆವು.

ಕಾಲುವೆಯಲ್ಲಿ ದುಡಿದವರಲ್ಲಿ ಬಹುಪಾಲು ಬಾರ್ಬಡೋಸ್, ಜಮೈಕಾ ಮುಂತಾದ ದ್ವೀಪಗಳ ಕರಿಯರು. ಸಂಬಳದ ಪಟ್ಟಿ ಎರಡು: ಚಿನ್ನದ ಪಟ್ಟಿ ಬಿಳಿಯ ಅಮೆರಿಕನ್ನರಿಗೆ, ಬೆಳ್ಳಿಯ ಪಟ್ಟಿ ಉಳಿದವರಿಗೆ. ಅಂಚೆ ಕಚೇರಿಯ ಕಿಟಕಿ, ರೈಲಿನ ಡಬ್ಬಿ, ಶಾಲೆ, ಆಸ್ಪತ್ರೆಯ ವಾರ್ಡು, ಸ್ಮಶಾನ ಎಲ್ಲವೂ ಚಿನ್ನ ಬೆಳ್ಳಿ ಎಂದು ಬೇರೆಬೇರೆ. ತಂತಿಜಾಲರಿಯ ಮನೆಗಳು ಚಿನ್ನದವರಿಗೆ. ಬೆಳ್ಳಿಯವರಲ್ಲಿ ಹೆಚ್ಚಿನವರು ಬಾಡಿಗೆ ಚಾಳುಗಳಲ್ಲೋ ಕಾಡಂಚಿನ ಗುಡಿಸಲುಗಳಲ್ಲೋ ಇದ್ದರು. ಹಳದಿ ಜ್ವರ ಹೊಸದಾಗಿ ಬಂದ ಬಿಳಿಯರನ್ನು ಹೆಚ್ಚು ಕೊಲ್ಲುತ್ತಿತ್ತು. ಅದು ಹದಿನೆಂಟು ತಿಂಗಳಲ್ಲಿ ಹೋಯಿತು. ನ್ಯುಮೋನಿಯಾ ಕರಿಯರನ್ನು ಕೊಲ್ಲುತ್ತಿತ್ತು. ಅದಕ್ಕೆ ವರ್ಷಗಳೇ ಹಿಡಿದವು. 1906ರಲ್ಲಿ ಕರಿಯ ಕೆಲಸಗಾರರ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಅಮೆರಿಕದ ಹತ್ತು ವರ್ಷಗಳಲ್ಲಿ ಅಧಿಕೃತವಾಗಿ ಸತ್ತವರು 5,609. ಅವರಲ್ಲಿ ಸುಮಾರು 4,500 ಮಂದಿ ಆ ದ್ವೀಪಗಳ ಕರಿಯರು. ಗೋರ್ಗಸ್ ಬರೆದಿಟ್ಟ ಪುಸ್ತಕದಲ್ಲಿ ಉಷ್ಣವಲಯವು ಬಿಳಿಯರು ನೆಲೆಸಲು ಯೋಗ್ಯವಾಯಿತೆಂಬ ಹೆಮ್ಮೆ ಎದ್ದು ಕಾಣುತ್ತದೆ. ಅಲ್ಲಿ ಮೊದಲಿನಿಂದ ನೆಲೆಸಿದ್ದವರ ಲೆಕ್ಕ ಹಿಂದಿನ ಸಾಲಿನದು. ದಕ್ಷಿಣದ ಬಂಡಾಯದ ಮನೆಯಲ್ಲಿ ಬೆಳೆದವನ ಕಣ್ಣು ಅದು. ಅವನ ಕಾಲವೇ ಹಾಗಿತ್ತೆಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ, ಏಕೆಂದರೆ ಆ ಕಾಲದಲ್ಲೂ ಸಾವಿನ ಲೆಕ್ಕವನ್ನು ಬರೆಯುತ್ತಿದ್ದವನು ಅವನೇ.

ಆದರೂ ಆ ಲೆಕ್ಕ ಅವನನ್ನು ನಿಧಾನವಾಗಿ ಬದಲಿಸಿತೆನ್ನಬೇಕು. ನ್ಯುಮೋನಿಯಾ ಹರಡುವುದು ಒಂದೇ ಬ್ಯಾರಕ್ಕಿನಲ್ಲಿ ಜನರನ್ನು ಒತ್ತೊತ್ತಾಗಿ ತುಂಬುವುದರಿಂದ ಎಂದು ಕಂಡುಕೊಂಡು, ಕೂಲಿಗಳು ಹೆಂಡತಿಮಕ್ಕಳೊಂದಿಗೆ ಬಿಡಿಬಿಡಿಯಾಗಿ ಸ್ವಂತ ಗುಡಿಸಲು ಕಟ್ಟಿಕೊಳ್ಳಲು ಬಿಟ್ಟಾಗ ಸಾವು ಇಳಿಯಿತು. 1913ರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿ ಮಾಲೀಕರು ಅವನನ್ನು ಕರೆಸಿದರು. ಗಣಿಯ ಕರಿಯ ಕೆಲಸಗಾರರು ನ್ಯುಮೋನಿಯಾದಿಂದ ಸಾಯುತ್ತಿದ್ದರು. ಅಲ್ಲಿಯೂ ಇದನ್ನೇ ಹೇಳಿದ: ಹೆಚ್ಚು ಜಾಗ ಕೊಡಿ, ಸಂಸಾರದೊಂದಿಗೆ ಇರಲು ಬಿಡಿ. 1914ರ ಹೊತ್ತಿಗೆ ಆತ ಸಭೆಗಳಲ್ಲಿ ಹೇಳತೊಡಗಿದ್ದು ಕೇಳಿದರೆ ಆಶ್ಚರ್ಯವಾಗುತ್ತದೆ. ರೋಗಕ್ಕೆ ದೊಡ್ಡ ಕಾರಣ ಬಡತನ. ತನಗೆ ಒಂದೇ ಒಂದು ಆರೋಗ್ಯ ಕ್ರಮ ಆರಿಸಿಕೊಳ್ಳಲು ಬಿಟ್ಟರೆ ಕೂಲಿ ಹೆಚ್ಚಿಸುವುದನ್ನೇ ಆರಿಸಿಕೊಳ್ಳುತ್ತೇನೆ ಎಂಬುದು ಅವನ ವಾದ. ಭೂಮಿಯ ಮೇಲೆ ಮಾತ್ರ ತೆರಿಗೆ ಹಾಕಬೇಕೆಂದ ಹೆನ್ರಿ ಜಾರ್ಜ್‌ನ ಅನುಯಾಯಿಯೂ ಆದ. ಸೇನೆಯ ವೈದ್ಯರಲ್ಲಿ ಇಂಥ ಮಾತಾಡಿದವರು ಎಷ್ಟು ಮಂದಿ? ಬೆಳ್ಳಿಯ ಪಟ್ಟಿಯ ಕೂಲಿಯನ್ನು ಆತ ಏರಿಸಬಲ್ಲವನಾಗಿರಲಿಲ್ಲ, ಅದು ಬೇರೆ ಮಾತು.

1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ಆಗ ಭಾರತದಲ್ಲಿ ಒಂದು ಹೊಸ ದಿಗಿಲು ಹುಟ್ಟಿತ್ತು: ಅಟ್ಲಾಂಟಿಕ್ ಕಡೆಯ ಹಡಗುಗಳು ನೇರವಾಗಿ ಏಷ್ಯಾಕ್ಕೆ ಬಂದರೆ ಹಳದಿ ಜ್ವರವೂ ಬಂದೀತು, ನಮ್ಮಲ್ಲಿ ಸೊಳ್ಳೆಯಂತೂ ಸಿದ್ಧವಾಗಿಯೇ ಕಾದಿದೆ ಎಂದು. ಇದನ್ನು ಅಧ್ಯಯನ ಮಾಡಲು ಭಾರತ ಸರ್ಕಾರ ವೈದ್ಯಾಧಿಕಾರಿಯೊಬ್ಬನನ್ನು ಪನಾಮಾವರೆಗೂ ಕಳುಹಿಸಿತ್ತು. ಆಫ್ರಿಕದ ಕೆಲವು ದೇಶಗಳನ್ನು ಸುತ್ತಿ ಊರಿಗೆ ಹೋಗುವವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹಳದಿ ಕಾರ್ಡು ತೋರಿಸಿ ಎಂದು ತಡೆಯುತ್ತಾರಲ್ಲ, ಅದೇ ದಿಗಿಲಿನ ಮುಂದುವರಿಕೆ.

ಕಾಲುವೆ ತೆರೆದ ವರ್ಷವೇ ಗೋರ್ಗಸ್ ಅಮೆರಿಕದ ಸೇನೆಯ ಸರ್ಜನ್ ಜನರಲ್ ಆದ. ಮಹಾಯುದ್ಧದ ಕಾಲದಲ್ಲಿ ಸೇನಾ ಶಿಬಿರಗಳಲ್ಲಿ ದಡಾರ, ನ್ಯುಮೋನಿಯಾ ಹಬ್ಬಿದಾಗ ಟೀಕೆಯನ್ನೂ ಉಂಡ. 1918ರಲ್ಲಿ ನಿವೃತ್ತನಾದವನು ಸುಮ್ಮನೆ ಕೂರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಹಳದಿ ಜ್ವರವನ್ನು ಭೂಮಿಯಿಂದಲೇ ಒರೆಸಿಹಾಕುವ ಪಣ ತೊಟ್ಟು, ಎಕ್ವಡಾರಿನ ಗ್ವಯಾಕಿಲ್ ಬಂದರನ್ನು ಶುದ್ಧಿಮಾಡುವ ಕೆಲಸಕ್ಕೆ ನಿಂತ. ಉಳಿದದ್ದು ಪಶ್ಚಿಮ ಆಫ್ರಿಕ. 1920ರ ಬೇಸಿಗೆಯಲ್ಲಿ ಅಲ್ಲಿಗೆ ಹೊರಟು ಲಂಡನ್ ತಲುಪಿದಾಗ ಪಾರ್ಶ್ವವಾಯು ಬಡಿಯಿತು. ದೊರೆ ಐದನೆಯ ಜಾರ್ಜ್ ಆಸ್ಪತ್ರೆಯ ಮಂಚದ ಬಳಿಗೇ ಬಂದು ನೈಟ್ ಪದವಿ ಕೊಟ್ಟ. ಜುಲೈನಲ್ಲಿ ಗೋರ್ಗಸ್ ತೀರಿಕೊಂಡ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಅಂತಿಮ ಗೌರವ, ಆರ್ಲಿಂಗ್ಟನ್ನಿನಲ್ಲಿ ಸಮಾಧಿ.

ಅವನ ತಂಡದ ಉಳಿದವರು ಆಫ್ರಿಕಕ್ಕೆ ಹೋದರು. ಹಳದಿ ಜ್ವರವನ್ನು ಒರೆಸಿಹಾಕಲು ಆಗಲಿಲ್ಲ. ಅದು ಕಾಡಿನ ಕೋತಿಗಳಲ್ಲೂ ಅಡಗಿದೆಯೆಂದು ಮುಂದೆ ತಿಳಿಯಿತು. 1937ರಲ್ಲಿ ಮ್ಯಾಕ್ಸ್ ಥೈಲರ್ ಲಸಿಕೆ ಕಂಡುಹಿಡಿದ. ಆ ಲಸಿಕೆಯ ಮೂಲ ವೈರಾಣುವನ್ನು 1927ರಲ್ಲಿ ಕೊಟ್ಟದ್ದು ಇಂದಿನ ಘಾನಾದ ಆಸಿಬಿ ಎಂಬ ಕರಿಯ ರೋಗಿಯ ರಕ್ತ; ಆತ ಬದುಕಿ ಉಳಿದ. ಆಂಕೊನ್ ಗುಡ್ಡದ ಆಸ್ಪತ್ರೆಗೆ 1928ರಲ್ಲಿ ಗೋರ್ಗಸ್‌ನ ಹೆಸರಿಟ್ಟರು. 1999ರ ಡಿಸೆಂಬರ್ 31ರಂದು ಅಮೆರಿಕ ಕಾಲುವೆಯನ್ನು ಪನಾಮಾಕ್ಕೆ ಒಪ್ಪಿಸಿತು. ಆಸ್ಪತ್ರೆಯ ಕಟ್ಟಡವೂ ಈಗ ಪನಾಮಾದ್ದೇ. ಪನಾಮಾದವರು ಬಹಳ ಬೀದಿಗಳ ಹೆಸರು ಬದಲಿಸಿದರು, ಆದರೆ ತಮ್ಮ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಗೆ ಗೋರ್ಗಸ್‌ನ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಆ ಬಾರ್ಬಡೋಸಿನ ಅಜ್ಜಿಗೆ ಇದನ್ನು ಹೇಳಬೇಕೆಂದುಕೊಂಡು ಮರುದಿನ ವಾರ್ಡಿಗೆ ಹೋದೆವು. ಅವರನ್ನು ಆಗಲೇ ಮಗಳ ಮನೆಗೆ ಕಳುಹಿಸಿಯಾಗಿತ್ತು.